ನಿಜಾಮನ ಸೀಮೆಯಲ್ಲಿ ಟರ್ಕಿ ಕೋಳಿ ಎಣಿಸಲು ಹೋದದ್ದು

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಟ್ಟರೆ ಓದುವವರಿಗೂ ಒಳ್ಳೆಯದು, ನನಗೂ ಒಳ್ಳೆಯದು. ಸುರಪುರದ ಅರಮನೆ, ಶಹಾಪುರದ ಗುಡ್ಡ, ಗೋಗಿಯ ದರ್ಗಾ ಇವುಗಳ ವರ್ಣನೆ ಬೇಕಾದವರು ಬೇರೆ ಯಾರನ್ನಾದರೂ ಕೇಳಿಕೊಳ್ಳಲಿ. ನಾನು ನೋಡಿದ್ದು ಕೋಳಿ.

ಮಹಾಯುದ್ಧ ನಡೆದಿದ್ದ ಕಾಲ. ನಾನು ಸೊಲ್ಲಾಪುರದ ಒಬ್ಬ ಗುತ್ತೇದಾರರ ಕೈಕೆಳಗೆ ಇದ್ದೆ. ಅವರು ಫೌಜಿನ ಛಾವಣಿಗಳಿಗೆ ಕುರಿ, ಕೋಳಿ, ಮೊಟ್ಟೆ ಒದಗಿಸುತ್ತಿದ್ದರು. ಗೋರಾ ಸಿಪಾಯಿಗಳಿಗೆ ಡಿಸೆಂಬರಿನ ಹಬ್ಬಕ್ಕೆ ಟರ್ಕಿಯೇ ಆಗಬೇಕು, ಜವಾರಿ ಕೋಳಿ ನಡೆಯುವುದಿಲ್ಲ. ನಿಜಾಮನ ಸೀಮೆಯ ಸುರಪುರ, ಶಹಾಪುರದ ಹಳ್ಳಿಗಳಲ್ಲಿ, ಹಿಂದೆ ಯಾವನೋ ಸಾಹೇಬ ಬಿಟ್ಟುಹೋದ ಒಂದು ಜೋಡಿಯಿಂದ ಬೆಳೆದ ಟರ್ಕಿಗಳು ಮನೆಮನೆಗೂ ಇವೆಯೆಂದು ಯಾರೋ ಅವರ ಕಿವಿಯಲ್ಲಿ ಊದಿದ್ದರು.

"ರೈತರು ವರ್ಷಕ್ಕ ಎಷ್ಟು ಬೆಳಸ್ತಾರ, ಅಂದಾಜು ತಗೊಂಡು ಬಾ. ಯಾದಗಿರಿಗೆ ರೈಲು ಐತಿ, ಅಲ್ಲಿಂದ ತುಂಬಿಸೋಣು" ಎಂದರು. ಕೋಳಿ ಎಣಿಸುವುದರಲ್ಲಿ ಏನು ಮಹಾ ಇದೆ ಎಂದುಕೊಂಡು ಹೊರಟೆ.

ತಾಳಿಕೋಟೆಯ ಆಚೆ, ನಾಕಾ

ನಾವು ವಿಜಾಪುರ ಜಿಲ್ಲೆಯವರು, ಬ್ರಿಟಿಷರ ಹದ್ದಿನವರು. ತಾಳಿಕೋಟೆ ದಾಟಿ ಗಾಡಿಯಲ್ಲಿ ಸ್ವಲ್ಪ ದೂರ ಹೋದರೆ ನಮಗೆ ಪರದೇಶ. ಹೊಲ ಅದೇ ಕರಿ ಹೊಲ, ರೊಟ್ಟಿ ಅದೇ ಜೋಳದ ರೊಟ್ಟಿ, ಬೀಗರು ಆ ಕಡೆಯೂ ಇದ್ದಾರೆ, ಈ ಕಡೆಯೂ ಇದ್ದಾರೆ. ಆದರೆ ರಾಜ ಬೇರೆ, ರೂಪಾಯಿ ಬೇರೆ, ಕಚೇರಿಯ ಅಕ್ಷರ ಬೇರೆ. ನಡುವೆ ಒಂದು ಸುಂಕದ ನಾಕಾ.

ನಾಕಾದವನು ನನ್ನ ಪೆಟ್ಟಿಗೆಯನ್ನೆಲ್ಲ ಕೆದಕಿ ಕೊನೆಗೆ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿ ಹಿಡಿದುಕೊಂಡ. ಒಳಗೆ ಬೆರಳು ಹಾಕಿ ನೆಕ್ಕಿದ. ಇನ್ನೊಬ್ಬನನ್ನು ಕರೆದ, ಅವನೂ ನೆಕ್ಕಿದ.

"ಇದು ಮಾಲೋ, ಸ್ವಂತಕ್ಕೋ?"

"ಒಂದು ಡಬ್ಬಿ ಹಿಂಡಿ ಇಟಗೊಂಡು ಯಾರರೆ ವ್ಯಾಪಾರ ಮಾಡ್ತಾರೇನ್ರಿ?" ಎಂದು ಕೂಗಿದೆ.

ಕೂಗಿದ್ದಕ್ಕೆ ಶಿಕ್ಷೆಯಾಗಿ ಅವರ ಊಟ ಮುಗಿಯುವವರೆಗೂ ಬಿಸಿಲಲ್ಲಿ ಕೂರಿಸಿದರು. ಊಟಕ್ಕೆ ನನ್ನ ಹಿಂಡಿಯನ್ನೇ ನೆಂಚಿಕೊಂಡರು. ನಮ್ಮ ಎತ್ತಿನ ಗಾಡಿಯನ್ನು ಅಲ್ಲಿಂದಲೇ ಹಿಂದಕ್ಕೆ ಕಳಿಸಿದರು. ಆಚೆ ಬದಿಯಲ್ಲಿ ಹುಣಸಗಿಯ ಸಾಯಬಣ್ಣ ಎಂಬ ಗಾಡಿಯವನು ಬಾಡಿಗೆಗೆ ಸಿಕ್ಕ. ನಡುವಯಸ್ಸಿನ, ಮಾತು ಕಡಿಮೆಯ, ಎಂಥ ಬೈಗುಳಕ್ಕೂ ಜಗ್ಗದ ಮನುಷ್ಯ. ನನಗೆ ಅಂಥವನೇ ಬೇಕಿತ್ತು.

"ನಮ್ಮ ಕಡಿ ಹಿಂಗಿಲ್ಲಪ್ಪಾ, ಅಲ್ಲಿ ಕಾಯ್ದೆ ಅನ್ನೂದು ಐತಿ" ಎಂದೆ ಅವನಿಗೆ.

"ಹೌದೇನ್ರಿ" ಎಂದು ಸಾಯಬಣ್ಣ ಎತ್ತುಗಳ ಬಾಲ ತಿರುವಿದ.

ಹುಣಸಗಿ

ಹುಣಸಗಿಯಲ್ಲಿ ಇಳಿಯುವಷ್ಟರಲ್ಲಿ ನನಗೊಬ್ಬ ಜೊತೆಗಾರ ಗಂಟುಬಿದ್ದ. ಪರದೇಶಿ ಮನುಷ್ಯ ಹಳ್ಳಿ ತಿರುಗುವುದಾದರೆ ಗಿರ್ದಾವರ ಸಾಹೇಬರು ಜೊತೆಗಿರಬೇಕೆಂದು ಹುಕುಂ ಆಗಿತ್ತಂತೆ. ಗಿರ್ದಾವರನೆಂದರೆ ಕಂದಾಯದ ಕೆಲಸಕ್ಕೆ ಹಳ್ಳಿಗಳ ಮೇಲೆ ತಿರುಗುವ ಅಧಿಕಾರಿ, ಪಾಟೀಲ, ಕುಲಕರ್ಣಿಗಳಿಗೆಲ್ಲ ಮೇಲಿನವನು. ಈತ ಗುಂಡುಗುಂಡಾಗಿ, ನಗುನಗುತ್ತಾ, ಟಾಂಗಾದಲ್ಲಿ ಬಂದ. ಹಿಂದೆ ಬಿಲ್ಲೆ ಕಟ್ಟಿಕೊಂಡ ಒಬ್ಬ ಚಪರಾಸಿ.

"ನೀವು ಕೆಲಸ ಮಾಡ್ರಿ ಸಾಹೇಬ್, ನಾನು ಬರೇ ಸಾಯಾ ಇದ್ದಂಗ, ನೆರಳು" ಎಂದ.

ಮೊದಲ ಮನೆಯ ಹೆಣ್ಣುಮಗಳನ್ನು ಎಷ್ಟು ಟರ್ಕಿ ಸಾಕಿದ್ದೀರಿ ಎಂದು ಕೇಳಿದೆ.

"ಅದಾವ್ರಿ ನಾಕೈದು."

ಅಂಗಳದಲ್ಲೇ ಅದರ ಎರಡರಷ್ಟು ಕಾಣುತ್ತಿದ್ದವು. ಎರಡನೆಯ ಮನೆಯಲ್ಲೂ ನಾಕೈದು. ಮೂರನೆಯ ಮನೆಯಲ್ಲಿ ಒಂದೂ ಕಾಣಿಸದಿದ್ದರೂ ನಾಕೈದು. ಬುಟ್ಟಿಯ ಕೆಳಗಿಂದ ಗುಟುರು ಕೇಳುತ್ತಿತ್ತು, ಆದರೆ ಆ ಮನೆಯ ಅವ್ವ ಬುಟ್ಟಿಯ ಮೇಲೆಯೇ ಕೂತು ನನ್ನ ಮುಖ ನೋಡುತ್ತಿದ್ದಳು. ಒಂದು ಓಣಿ ಮುಗಿಸುವಷ್ಟರಲ್ಲಿ ನನ್ನ ಸಿಟ್ಟು ನೆತ್ತಿಗೇರಿತು.

"ಜೀವ ಇದ್ದದ್ದು ಎಣಸಬಾರದ್ರಿ" ಎಂದ ಸಾಯಬಣ್ಣ. "ದನ, ಕೋಳಿ, ಮಕ್ಕಳು, ಯಾವದೂ. ಕಣ್ಣ ತಾಗ್ತಾವ."

ಕಣದಲ್ಲಿ ಜೋಳ ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನದೆ 'ಲಾಭ' ಎನ್ನುವುದು ನಮ್ಮ ಕಡೆಯೂ ಇದೆ. ಆದರೆ ನಮ್ಮಲ್ಲಿ ಲಾಭದ ನಂತರ ಎರಡು, ಮೂರು ಎಂದು ಮುಂದೆ ಹೋಗುತ್ತಾರೆ. ಇಲ್ಲಿ ನಾಕೈದರ ಮುಂದೆ ಯಾರೂ ಹೋಗಲೊಲ್ಲರು. ಇದೆಲ್ಲ ಮೂಢನಂಬಿಕೆಯೆಂದು ನಾನು ಸಾಯಬಣ್ಣನಿಗೆ ದೊಡ್ಡ ಭಾಷಣವನ್ನೇ ಮಾಡಿದೆ. ಅವನು ಗಿರ್ದಾವರನ ಟಾಂಗಾದ ಕಡೆ ಒಮ್ಮೆ ನೋಡಿ ಎತ್ತುಗಳಿಗೆ ನೀರು ಕುಡಿಸಲು ಹೋದ.

ಕಕ್ಕೇರಾ

ಕಕ್ಕೇರಾದಲ್ಲಿ ಬೇರೆಯೇ ತಾಪತ್ರಯ. ಅಲ್ಲಿಯ ಗೌಡರು ಕಟ್ಟೆಯ ಮೇಲೆ ಕೂತು ಊರಿನ ಟರ್ಕಿಯೆಲ್ಲ ತಮ್ಮವೇ ಎಂದರು. ಓಣಿಗೆ ಹೋದರೆ ಪ್ರತಿ ಮನೆಯವರೂ ನಮ್ಮವು ಎಂದರು. ಒಂದೇ ಹುಂಜ ಗೌಡರ ಲೆಕ್ಕಕ್ಕೂ ಬಂತು, ಬಡವನ ಲೆಕ್ಕಕ್ಕೂ ಬಂತು. ಗೌಡರ ತಮ್ಮನೊಬ್ಬ ಅದೇ ಹುಂಜವನ್ನು ಮೂರನೆಯ ಸಲ ತನ್ನದೆಂದ. ನಾನು ಬರೆದುಕೊಂಡದ್ದನ್ನೆಲ್ಲ ಹೊಡೆದುಹಾಕಿ ಕೂಗಾಡಿದೆ.

ಕೂಗಿದ ಕೂಡಲೇ ಆ ಓಣಿಯ ಹುಂಜಗಳೆಲ್ಲ ಒಟ್ಟಿಗೆ ಗುಳುಗುಳು ಎಂದು ಉತ್ತರ ಕೊಟ್ಟವು. ದೊಡ್ಡ ದನಿ ಕೇಳಿದರೆ ಟರ್ಕಿ ಹುಂಜ ಸುಮ್ಮನಿರುವುದಿಲ್ಲ. ನಾನು ಮತ್ತೆ ಕೂಗಿದೆ, ಅವೂ ಮತ್ತೆ ಕೂಗಿದವು. ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಬರಿಯ ಕೋಳಿಯಿಂದ ಇಷ್ಟು ಅಪಮಾನ ನನಗೆ ಹಿಂದೆಂದೂ ಆಗಿರಲಿಲ್ಲ.

ಸಾಯಬಣ್ಣ ಬಿಡಿಸಿ ಹೇಳಿದ. ಟರ್ಕಿಗಳನ್ನು ಇಲ್ಲಿ 'ಪಾಲಿಗೆ' ಕೊಡುತ್ತಾರೆ. ಇದ್ದವರು ಮೊಟ್ಟೆ ಕೊಡಬೇಕು, ಇಲ್ಲದವರು ತಮ್ಮ ಮನೆಯ ಜವಾರಿ ಕೋಳಿಯನ್ನು ಕಾವಿಗೆ ಕೂರಿಸಬೇಕು. ಟರ್ಕಿ ತಾಯಿ ಒಡ್ಡು, ತನ್ನ ಮೊಟ್ಟೆಯನ್ನು ತಾನೇ ತುಳಿದು ಒಡೆಯುತ್ತದೆ. ಮರಿ ದೊಡ್ಡವಾದ ಮೇಲೆ ಅರ್ಧ ಅವರಿಗೆ, ಅರ್ಧ ಇವರಿಗೆ. ಪಾಲು ಹರಿಯುವ ತನಕ ಹಕ್ಕಿ ಇಬ್ಬರದೂ ಹೌದು.

"ಹಂಗಾದರ ನಾನು ಅದನ್ನ ಯಾರ ಹೆಸರಿಗೆ ಬರ್ಕೋಬೇಕೋ?"

"ಬರ್ಕೊಳ್ಳದಂಗ ಇರಲಿ ಅಂತಽ ಹಿಂಗ ಮಾಡ್ಯಾರೋ ಏನೋ, ಯಾಂವ ಬಲ್ಲ" ಎಂದ ಸಾಯಬಣ್ಣ.

ಸುರಪುರ

ಸುರಪುರದ ಗುಡ್ಡದ ಮೇಲೆ ಗಾಳಿ ಚೆನ್ನಾಗಿತ್ತು. ಗಿರ್ದಾವರ ಮಾಡಿಸಿದ ಊಟವೂ ಚೆನ್ನಾಗಿತ್ತು. ಊಟವನ್ನು ನಾನು ಬೈಯಲಾರೆ. ಆದರೆ ಊಟಕ್ಕೆ ಬಂದ ಕೋಳಿ ಯಾವ ಮನೆಯಿಂದ ಬಂತೆಂದು ಕೇಳಿದರೆ, "ರಯ್ಯತರು ಪ್ರೀತಿಲೆ ಕೊಟ್ಟಾರ" ಎಂದು ನಕ್ಕುಬಿಟ್ಟ. ಚಪರಾಸಿ ಬಾಗಿಲ ಬಳಿ ಮುಖ ಆಚೆ ತಿರುಗಿಸಿ ನಿಂತಿದ್ದ. ಅಂಗಡಿಗಳ ಹಲಗೆ, ಕಚೇರಿಯ ನೋಟೀಸು, ದವಾಖಾನೆಯ ಗೋಡೆ, ಎಲ್ಲದರ ಮೇಲೂ ಉರ್ದು. ಕನ್ನಡ ಮಾತಾಡುವ ಊರಿನಲ್ಲಿ ನಾನು ಅನಕ್ಷರಸ್ಥನಾಗಿ ತಿರುಗಿದೆ. ದವಾಖಾನೆ ಎಂದುಕೊಂಡು ಪೊಲೀಸ್ ಠಾಣೆಯೊಳಗೆ ಹೊಕ್ಕು ಹೊಟ್ಟೆನೋವಿಗೆ ಔಷಧಿ ಕೇಳಿದೆ. ಜಮಾದಾರ ನನ್ನ ಹೆಸರು, ಅಪ್ಪನ ಹೆಸರು, ಅಜ್ಜನ ಹೆಸರು ಎಲ್ಲ ಕೇಳಿಕೊಂಡು, ಬಾಜೂ ಮನೆಗೆ ಹೋಗು ಎಂದ.

ಸಂಜೆ ಗಿರ್ದಾವರ ನನ್ನ ಪಕ್ಕ ಕೂತು, "ಅಂದಾಜು ಎಲ್ಲಿಗೆ ಬಂತು ಸಾಹೇಬ್?" ಎಂದ. ಎಲ್ಲಿಗೂ ಬಂದಿಲ್ಲ ಎಂದೆ.

"ಬರ್ತದ, ಬರ್ತದ. ಮಂದಿ ನಮಗ ಹೇಳೂದಿಲ್ಲ. ನೀವು ಕೊಳ್ಳಾವ್ರು, ನಿಮಗ ಹೇಳ್ತಾರ."

ಅವನು ನನ್ನ ಉದ್ಯೋಗವನ್ನು ಹೊಗಳುತ್ತಿದ್ದಾನೆಂದು ತಿಳಿದು ನಾನು ಮತ್ತೊಂದು ತುಂಡು ಹಾಕಿಸಿಕೊಂಡೆ.

ಗೋಗಿ

ಗೋಗಿಯಲ್ಲಿ ಹುಸೇನಬಿ ಎಂಬ ಹೆಂಗಸು ಟರ್ಕಿ ಸಾಕುತ್ತಾಳೆ, ಆಕೆಯದು ಯಾರ ಪಾಲಿನದೂ ಅಲ್ಲ, ಸ್ವಂತದ್ದು ಎಂದು ದಾರಿಯಲ್ಲೇ ಕೇಳಿದ್ದೆ. ಗಿರ್ದಾವರ ಪಾಟೀಲರ ಮನೆಯಲ್ಲಿ ಚಹಾಕ್ಕೆ ಕೂತ. ನಾನು, ಸಾಯಬಣ್ಣ ಇಬ್ಬರೇ ಆಕೆಯ ಅಂಗಳಕ್ಕೆ ಹೋದೆವು.

ಗಂಡ ತೀರಿಕೊಂಡು ಬಹಳ ವರ್ಷವಾದ ಹೆಂಗಸು. ಎತ್ತರ, ಬಿರುಸು ಕಣ್ಣು. ಈರುಳ್ಳಿ ಸೊಪ್ಪನ್ನು ಸಣ್ಣಗೆ ಹೆಚ್ಚಿ ಮರಿಗಳ ಮುಂದೆ ಉದುರಿಸುತ್ತಿದ್ದಳು. ಟರ್ಕಿ ಮರಿಗಳ ನಡುವೆ ಎರಡು ಜವಾರಿ ಕೋಳಿ ಮರಿಗಳೂ ಇದ್ದವು. ಇವು ಯಾಕೆ ಎಂದು ಕೇಳಿದೆ.

"ಇವು ಉಸ್ತಾದ್ರು" ಎಂದಳು. "ಟರ್ಕಿ ಮರಿಗೆ ತಿನ್ನಾಕ ಬರೂದಿಲ್ರಿ. ಮುಂದ ಕಾಳು ಬಿದ್ದಿದ್ರೂ ಉಪಾಸ ಸಾಯ್ತಾವ. ಈ ಜವಾರಿ ಮರಿ ಕುಟಕೂದು ನೋಡಿ ಕಲೀತಾವ." ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೀವು ಸರ್ಕಾರದವರೇನು?"

"ಅಲ್ಲ. ನಾನು ಕೊಳ್ಳೋ ಕಡಿಯಾಂವ."

"ನಿಮ್ಮ ದೇವ್ರ ಮ್ಯಾಲ ಆಣಿ ಇಡ್ರಿ."

ಬಸವಣ್ಣನ ಆಣೆ ಇಟ್ಟೆ. ಆಕೆ ಸಾಯಬಣ್ಣನ ಕಡೆ ನೋಡಿದಳು. ಅವನು ತಲೆಯಾಡಿಸಿದ. ಆಗ ಹಿತ್ತಲಿನ ತಟ್ಟಿ ಸರಿಸಿ ಎಲ್ಲವನ್ನೂ ಹೊರಗೆ ಬಿಟ್ಟಳು. ಕಂಚಿನ ಬಣ್ಣದ ಹುಂಜಗಳು, ಬೂದಿ ಬಣ್ಣದ ಹೇಂಟೆಗಳು, ಅರ್ಧ ಬೆಳೆದ ಮರಿಗಳು. ಆ ಪ್ರವಾಸದಲ್ಲಿ ನಾನು ನಿಜವಾಗಿ ಎಣಿಸಿದ್ದು ಅದೊಂದೇ ಅಂಗಳ. ನಲವತ್ತಕ್ಕೆ ಎರಡು ಕಡಿಮೆ ಇದ್ದವು. ಎಣಿಸಿ ಮುಗಿಸಿ ಸಂತೋಷದಿಂದ ಲೆಕ್ಕವನ್ನು ಗಟ್ಟಿಯಾಗಿಯೇ ಹೇಳಿದೆ. ಗೋಡೆಯ ಆಚೆಯಿಂದ ಗಿರ್ದಾವರನ ದನಿ ಬಂತು.

"ಶಾಬಾಷ್."

ಅವನು ಚಹಾ ಮುಗಿಸಿ ಸದ್ದಿಲ್ಲದೆ ಬಂದು ನಿಂತಿದ್ದ. ಚಪರಾಸಿಗೆ ಉರ್ದುವಿನಲ್ಲಿ ಏನೋ ಹೇಳಿ, ಹುಸೇನಬಿಯ ಕಡೆ ತಿರುಗಿ ಕನ್ನಡದಲ್ಲಿ ಹೇಳಿದ. "ಮುಂದಿನ ತಿಂಗಳ ಹೈದರಾಬಾದಿಂದ ದೊಡ್ಡ ಸಾಹೇಬ್ರು ಶಿಕಾರಿಗೆ ಬರ್ತಾರ. ಕ್ಯಾಂಪಿಗೆ ಟರ್ಕಿ ಬೇಕಾಗ್ಯಾವ. ಇವು ಇವತ್ತಿನಿಂದ ಸರ್ಕಾರದ ಲೆಕ್ಕಕ್ಕ ಬಂದಾವ. ಅಲ್ಲಿ ತನಕ ಜತನಾ ಮಾಡು. ಒಂದು ಕಮ್ಮಿ ಆದ್ರೂ ನೀನು ಜವಾಬ್ದಾರಿ."

"ನರಿ ಒಯ್ದರ?" ಎಂದಳು ಹುಸೇನಬಿ.

"ನರಿಗೆ ನಾನೇನು ಹುಕುಂ ಕೊಟ್ಟೀನಿ?"

ಎಲ್ಲ ಒಮ್ಮೆಗೇ ನನಗೆ ತಿಳಿಯಿತು. ಹುಣಸಗಿಯ ಅವ್ವ ಬುಟ್ಟಿಯ ಮೇಲೆ ಕೂತದ್ದು ಯಾರ ಕಣ್ಣಿಗೆ ಹೆದರಿ ಎಂಬುದು ತಿಳಿಯಿತು. ಎಣಿಸಿದ ಕೋಳಿ ಈ ಸೀಮೆಯಲ್ಲಿ ಸಾಕಿದವಳದಾಗಿ ಉಳಿಯುವುದಿಲ್ಲ. ಸಾಕುವುದು, ಕಾಯುವುದು, ನರಿಗೆ ಹೆದರುವುದು ಆಕೆಯ ಪಾಲು, ತಿನ್ನುವುದು ಇವರ ಪಾಲು. ನನ್ನನ್ನು ಊರೂರು ತಿರುಗಿಸಿ, ಉಣ್ಣಿಸಿ, ನನ್ನ ಬಾಯಿಂದಲೇ ಲೆಕ್ಕ ಹೇಳಿಸಿಕೊಂಡಿದ್ದ ಈ ನಗೆಮುಖದವನು. ಮೈಯೆಲ್ಲ ಉರಿದುಹೋಯಿತು.

ಹುಸೇನಬಿ ಅವನನ್ನು ನೋಡಲಿಲ್ಲ. ನನ್ನನ್ನು ನೋಡಿದಳು. "ಆಣಿ ಇಟ್ಟಿದ್ರಲ್ಲ" ಎಂದಳು.

"ಇವು ಸರ್ಕಾರದವಲ್ಲ!" ಎಂದು ಅರಚಿದೆ. ಹುಂಜಗಳೆಲ್ಲ ಗುಳುಗುಳು ಎಂದವು. "ಇವು ನನ್ನವು. ವ್ಯಾಪಾರ ಆಗಿಬಿಟ್ಟೈತಿ." ಮತ್ತೆ ಗುಳುಗುಳು. "ಫೌಜಿನ ಮಾಲು ಇದು. ಇದಕ್ಕ ಕೈ ಹಚ್ಚಿದರ ಹೈದರಾಬಾದಿನ ರೆಸಿಡೆಂಟ್ ಸಾಹೇಬರಿಗೆ ತಾರು ಹೋಗ್ತೈತಿ!"

ವ್ಯಾಪಾರವೂ ಆಗಿರಲಿಲ್ಲ, ತಂತಿ ಹೊಡೆಯಲು ನನಗೆ ಯಾವ ಅಧಿಕಾರವೂ ಇರಲಿಲ್ಲ. ಆದರೆ ಗಿರ್ದಾವರನ ಮುಖದ ಮೇಲಿನ ನಗು ಮೊದಲ ಸಲ ಹೋಯಿತು. ಯುದ್ಧದ ದಿನಗಳಲ್ಲಿ ಬ್ರಿಟಿಷರ ಫೌಜು, ಅವರ ರೆಸಿಡೆಂಟ್ ಎಂದರೆ ನಿಜಾಮನ ಅಧಿಕಾರಿಗೂ ಅಳುಕು. ಸ್ವಲ್ಪ ಹೊತ್ತು ಮೀಸೆ ತಿರುವಿದ.

"ಖರೀದಿ ಆಗಿದ್ರ ಒಯ್ರಿ ಸಾಹೇಬ್. ಇವತ್ತಽ ಒಯ್ರಿ. ಹೊತ್ತು ಮುಣಗಿದ ಮ್ಯಾಲ ಈ ಊರಾಗ ಒಂದು ಟರ್ಕಿ ಕಂಡ್ರೂ ಅದು ನಮ್ಮದು." ಚಪರಾಸಿಯನ್ನು ನಮ್ಮ ಬೆನ್ನಿಗೆ ಹಾಕಿದ. ಭೀಮೆ ದಾಟುವ ತನಕ ನೋಡಿಕೊಂಡು ಬಾ ಎಂದ.

ಶಹಾಪುರದ ದಾರಿ

ಗಾಡಿಯಲ್ಲಿ ಮರಿಗಳ ಬುಟ್ಟಿ, ಹಿಂದೆ ನಡೆಯುತ್ತಾ ಬರುವ ದೊಡ್ಡ ಹಕ್ಕಿಗಳು, ಅವುಗಳ ಹಿಂದೆ ಉದ್ದ ಕೋಲು ಹಿಡಿದ ಹುಸೇನಬಿ, ಎಲ್ಲರ ಹಿಂದೆ ಚಪರಾಸಿ. ಕೋಳಿಗಳನ್ನು ದನದ ಹಾಗೆ ಹೊಡೆದುಕೊಂಡು ಹೋಗಬಹುದೆಂದು ನನಗೆ ಗೊತ್ತಿರಲಿಲ್ಲ. ಟರ್ಕಿಗಳು ಶಿಸ್ತಾಗಿಯೇ ನಡೆದವು. ಆದರೆ ಹೊತ್ತು ಇಳಿಯುತ್ತಿದ್ದಂತೆ, ಶಹಾಪುರ ಇನ್ನೂ ದೂರವಿರುವಾಗಲೇ, ಎಲ್ಲವೂ ಒಟ್ಟಿಗೆ ಹಾರಿ ದಾರಿ ಬದಿಯ ಬೇವಿನ ಮರ ಹತ್ತಿ ಕೂತುಬಿಟ್ಟವು. ಅವುಗಳಿಗೆ ನಿದ್ದೆಯ ಹೊತ್ತಾಗಿತ್ತು. ನಾನು ಕೆಳಗೆ ನಿಂತು ಬೈದೆ. ಅವು ಮೇಲಿಂದ ಉತ್ತರ ಕೊಟ್ಟವು. ಚಪರಾಸಿಗೂ ನಗು ತಡೆಯಲಾಗಲಿಲ್ಲ.

ಹುಸೇನಬಿ ಮಾತ್ರ ನಗಲಿಲ್ಲ. ಗೋಗಿಯಿಂದ ಅಲ್ಲಿಯವರೆಗೆ ನನ್ನ ಜೊತೆ ಒಂದು ಮಾತೂ ಆಡಿರಲಿಲ್ಲ. ಅವಳ ಸಿಟ್ಟಿನ ಮುಂದೆ ನನ್ನ ಸಿಟ್ಟು ಬರೀ ಗದ್ದಲ ಎಂದು ನನಗೇ ಅನ್ನಿಸಿತು. ಬೆಳಗ್ಗೆ ಹಕ್ಕಿಗಳು ತಾವಾಗಿ ಇಳಿದ ಮೇಲೆ ಮುಂದೆ ನಡೆದೆವು. ಭೀಮೆ ಮುಟ್ಟುವಷ್ಟರಲ್ಲಿ ಹೀಗೆಯೇ ಇನ್ನೆರಡು ರಾತ್ರಿ ಮರದ ಕೆಳಗೆ ಕಳೆದವು.

ಭೀಮೆಯ ದಂಡೆ

ಹರಿಗೋಲಿನಲ್ಲಿ ಸುತ್ತು ಸುತ್ತಾಗಿ ಎಲ್ಲವನ್ನೂ ದಾಟಿಸಿದೆವು. ಚಪರಾಸಿ ಆ ದಂಡೆಯಲ್ಲೇ ನಿಂತು ನೋಡಿ ಹಿಂದಿರುಗಿದ. ಯಾದಗಿರಿಯ ಕಡೆಯ ದಂಡೆಯಲ್ಲಿ ನಾನು ನಿಟ್ಟುಸಿರು ಬಿಟ್ಟು, "ಇನ್ನ ಇವು ನಿಮ್ಮವಽ, ಹುಸೇನಬೀ" ಎಂದೆ.

"ನನ್ನವು!" ಎಂದಳು. ಈಗ ಆಕೆಯ ಬಾಯಿಯ ಕಟ್ಟೆ ಒಡೆಯಿತು. "ಹಿಂದಕ ಹೊಡಕೊಂಡು ಹೋದ್ರ ಊರ ಅಗಸಿ ಬಾಗಲಾಗ ಹಿಡೀತಾರ. ಇಲ್ಲಿ ಇಟಗೊಂಡು ಕುಂತ್ರ ಇಲ್ಲಿಯ ಗಿರ್ದಾವರ ಬರ್ತಾನ. ನೀವು ಒಯ್ದ್ರ ಗೋರಾ ಮಂದಿ ತಿಂತಾರ. ಮೊದಲ ಜೋಡಿ ಪಾಲಿಗೆ ತಂದಿದ್ದೆ ನಾನು. ಪಾಲು ಹರಿದು ಕೊಟ್ಟು, ಒಂದೊಂದು ಮಾಡಿ ಸ್ವಂತ ಮಾಡ್ಕೊಂಡೆ. ಯಾರ ಬಾಗಲಕ್ಕೂ ಹೋಗದಂಗ ಬದುಕೀನಿ. ನೀವು ಬಂದ್ರಿ, ಬಾಯಿ ಬಿಟ್ಟು ಎಣಸಿದ್ರಿ."

ನಾನು ಗಿರ್ದಾವರನನ್ನು, ದೊಡ್ಡ ಸಾಹೇಬನನ್ನು, ಹಬ್ಬದ ದಿನ ಟರ್ಕಿಯೇ ಬೇಕೆನ್ನುವ ಗೋರಾಗಳನ್ನು ಒಬ್ಬೊಬ್ಬರಾಗಿ ಬೈದೆ.

"ಬೈದು ಏನು ಮಾಡ್ತೀರಿ? ಆ ಬುಟ್ಟಿ ಹಿಡ್ರಿ" ಎಂದಳು.

ದಂಡೆಯ ಉದ್ದಕ್ಕೂ ಅಂಬಿಗರ ಮನೆಗಳಿದ್ದವು. ಬಲೆ ಒಣಹಾಕಿದ್ದ ಹೆಂಗಸರು ಆಕೆಯನ್ನು ನೋಡಿ, "ಬೂಬವ್ವ ಬಂದಾಳ" ಎಂದು ಎದ್ದು ಬಂದರು. ಗೋಗಿಯ ದರ್ಗಾದ ಉರುಸಿಗೆ ಹೋದಾಗ ಅವರೆಲ್ಲ ಆಕೆಯ ಅಂಗಳದಲ್ಲಿ ಇಳಿದುಕೊಳ್ಳುವವರಂತೆ. ಹುಸೇನಬಿ ಮನೆಯಿಂದ ಮನೆಗೆ ಹೋದಳು. ಒಂದು ಮನೆಗೆ ಒಂದು ಹೇಂಟೆ, ಇನ್ನೊಂದು ಮನೆಗೆ ನಾಲ್ಕು ಮರಿ, ಮತ್ತೊಂದಕ್ಕೆ ಹುಂಜ.

"ಪಾಲಿಗೆ" ಎಂದಳು ಪ್ರತಿ ಬಾಗಿಲಲ್ಲೂ.

"ಆತು ಬೂಬವ್ವ, ಪಾಲಿಗೆ" ಎಂದು ಅವರು ಸೆರಗೊಡ್ಡಿ ತೆಗೆದುಕೊಂಡರು.

ಬರೆದುಕೊಳ್ಳುವವರು ಯಾರೂ ಇರಲಿಲ್ಲ, ಎಣಿಸುವವರೂ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಆ ಹಿಂಡು ದಂಡೆಯ ಮನೆಗಳಲ್ಲಿ ಕರಗಿಹೋಯಿತು. ಯಾವ ಗಿರ್ದಾವರ ಬಂದು ಕೇಳಿದರೂ ಯಾವುದು ಯಾರದೆಂದು ಇನ್ನು ಸಿಗುವುದಿಲ್ಲ. ಕಕ್ಕೇರಾದಲ್ಲಿ ನನಗೆ ತಲೆ ಕೆಡಿಸಿದ್ದ ಪದ್ಧತಿ ಇಲ್ಲಿ ಆಕೆಯ ಹಿಂಡನ್ನು ಉಳಿಸಿತು. ಆದರೆ ಅರ್ಧ ಮಾತ್ರ ಉಳಿಸಿತು. ಇಷ್ಟು ವರ್ಷ ದುಡಿದು ಸ್ವಂತ ಮಾಡಿಕೊಂಡವಳು ಒಂದೇ ಬೆಳಗಿನಲ್ಲಿ ಮತ್ತೆ ಪಾಲಿನವಳಾದಳು.

ಕೊನೆಗೆ ಒಂದು ಹುಂಜ, ಒಂದು ಹೇಂಟೆ ಉಳಿದವು. ಅವನ್ನು ನನ್ನ ಕೈಗೆ ಕೊಟ್ಟಳು.

"ನನಗ್ಯಾಕ?"

"ನೀವು ಪುಕ್ಕಟೆ ಹೋಗ್ತೀರೇನು? ನಿಮಗೂ ಪಾಲಿಗೆ. ಹಕ್ಕಿ ನನ್ನವು. ಮರಿ ಆದ್ರ ಅರ್ಧ ತಂದು ಈ ದಂಡ್ಯಾಗ ಕೊಡಬೇಕು. ಉಸ್ತಾದ್ ಮರಿ ಬಿಡೂದು ಮರೀಬ್ಯಾಡ್ರಿ."

ಸಾಯಬಣ್ಣ ನನ್ನನ್ನು ಯಾದಗಿರಿ ಸ್ಟೇಷನ್ನಿಗೆ ಬಿಟ್ಟ. ರೈಲು ಸಿಳ್ಳೆ ಹಾಕಿದಾಗಲೆಲ್ಲ ಹುಂಜ ಉತ್ತರ ಕೊಡುತ್ತಿತ್ತು, ಡಬ್ಬಿಯ ಮಂದಿ ನನಗೆ ಬೈಯುತ್ತಿದ್ದರು.

ನಮ್ಮೂರು

ಸೊಲ್ಲಾಪುರದಲ್ಲಿ ಗುತ್ತೇದಾರರು ಅಂದಾಜು ಎಲ್ಲಿ ಎಂದರು. ರೈತರು ವರ್ಷಕ್ಕೆ ಎಷ್ಟು ಬೆಳೆಸುತ್ತಾರೋ ನಾನು ಹೇಳಲಾರೆ ಎಂದೆ. ಅವರೂ ಕೂಗಿದರು, ನಾನೂ ಕೂಗಿದೆ. ಕೆಲಸ ಹೋಯಿತು. ಬಾಗೇವಾಡಿ ಹತ್ತಿರದ ನಮ್ಮೂರಿಗೆ ಬಂದು ಹಿತ್ತಲಿನಲ್ಲಿ ತಟ್ಟಿ ಕಟ್ಟಿದೆ. ನಮ್ಮ ಜವಾರಿ ಕೋಳಿ ಕಾವಿಗೆ ಕೂತಿತು, ಮರಿಗಳಾದವು, ಜವಾರಿ ಮರಿಗಳನ್ನು ನೋಡಿ ತಿನ್ನುವುದನ್ನು ಕಲಿತವು.

ಮರಿಗಳು ಮೈತುಂಬಿಕೊಂಡಾಗ ಒಂದು ದಿನ ನಮ್ಮ ಮಾಮಲೇದಾರ ಕಚೇರಿಯ ಪಟ್ಟೇವಾಲಾ, ಆಚೆಯವರ ಚಪರಾಸಿಯಂಥವನು, ಬಾಗಿಲಿಗೆ ಬಂದ. ಕಲೆಕ್ಟರ್ ಸಾಹೇಬರ ಕ್ಯಾಂಪು ಬರುತ್ತಿದೆಯಂತೆ. ನಮ್ಮ ಮನೆಯಲ್ಲಿ ಟರ್ಕಿಗಳಿವೆಯೆಂದು ಮೇಲಿನವರಿಗೆ ಗೊತ್ತಾಗಿದೆಯಂತೆ.

"ಎಷ್ಟು ಅದಾವ್ರಿ?" ಎಂದ.

ಗಡಿಯ ಆಚೆ ಸಿಕ್ಕವರಿಗೆಲ್ಲ ನಮ್ಮ ಕಡೆ ಕಾಯ್ದೆ ಇದೆ ಎಂದು ಹೇಳಿಕೊಂಡು ತಿರುಗಿದವನು ನಾನು. ಬಾಗಿಲಿಗೆ ಅಡ್ಡ ನಿಂತೆ.

"ಇವು ನನ್ನವಲ್ಲ. ಗೋಗಿಯ ಹುಸೇನಬಿಯವು. ನಿಜಾಮನ ಪ್ರಜೆಯ ಮಾಲು" ಎಂದೆ. "ನಾನು ಪಾಲಿಗೆ ಸಾಕೀನಿ, ಅಷ್ಟಽ."

ಪಟ್ಟೇ​ವಾಲಾ ನಮ್ಮ ಸೀಮೆಯವನೇ, ಒಕ್ಕಲುತನದ ಮನೆಯವನು. ಅವನಿಗೆ ಪಾಲು ಎಂದರೆ ಏನೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಹಂಗಾದರ ಮರ್‍ಯಾಗ ಅರ್ಧ ನಿಮ್ಮವಲ್ಲೇನ್ರಿ?" ಎಂದು, ನಾನು ಎಷ್ಟು ಕೂಗಿದರೂ ಕೇಳದೆ, ನನ್ನ ಅರ್ಧವನ್ನು ಬುಟ್ಟಿಯಲ್ಲಿ ತುಂಬಿಕೊಂಡು ಹೋದ.

ಈಗ ಹಿತ್ತಲಿನಲ್ಲಿರುವುದೆಲ್ಲ ಹುಸೇನಬಿಯವು. ಮಳೆಗಾಲ ಮುಗಿದ ಮೇಲೆ ಮರಿಗಳನ್ನು ಭೀಮೆಯ ದಂಡೆಗೆ ಒಯ್ದು ಆಕೆಯ ಕೈಗೆ ಕೊಡಬೇಕು. ಎಷ್ಟಿವೆ ಎಂದು ಇಲ್ಲಿ ಬರೆಯುವುದಿಲ್ಲ. ಇದನ್ನು ಮಾಮಲೇದಾರ ಕಚೇರಿಯವರೂ ಓದುತ್ತಾರೆ.